ಅಧ್ಯಕ್ಷೆಯ ತೂಕ

ನಾನು ಕಲಬುರಗಿಯ ಒಂದು ಮಹಿಳಾ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತೇನೆ. ಅಂದರೆ ಯಾವ ವಯಸ್ಸಿನವರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳಿ ಸಂಬಳ ತೆಗೆದುಕೊಳ್ಳುವವಳು. ಸಮತೋಲನ ಆಹಾರದ ಪಾಠ ಮಾಡಲು ನಾನು ವೇದಿಕೆ ಹತ್ತಿದರೆ ಹಲಗೆ ಕಿರ್ರೆನ್ನುತ್ತದೆ. ಮುಂದಿನ ಬೆಂಚಿನ ಹುಡುಗಿಯರು ತಲೆ ತಗ್ಗಿಸಿ ನಗುತ್ತಾರೆ. ನಾನು ಕೇಳಿಸದವಳ ಹಾಗೆ ಬೇಳೆಕಾಳುಗಳ ಮಹತ್ವಕ್ಕೆ ಕೈ ಹಾಕುತ್ತೇನೆ.

ಮಗಳು ಐದನೇ ತರಗತಿಯಲ್ಲಿದ್ದಾಗ ಅವಳ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆಯಿತು. ಪಾಲಕರನ್ನೂ ಕರೆದಿದ್ದರು. ಬಂದಿದ್ದ ಡಾಕ್ಟರು ನನಗಿಂತ ಎಷ್ಟೋ ಚಿಕ್ಕವಳು, ಫ್ಯಾನು ಜೋರು ಮಾಡಿದರೆ ಹಾರಿಹೋಗುವ ಹಾಗಿದ್ದಳು. ಮಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಎತ್ತರ ಅಳೆದು, ಅವಳು ಕೇಳುವ ಹಾಗೆಯೇ ನನಗೆ ಹೇಳಿದಳು.

"ವಯಸ್ಸಿಗೆ ತೂಕ ಜಾಸ್ತಿ ಅದ ರೀ. ಈಗ ಲಕ್ಷ್ಯ ಕೊಡಲಿಲ್ಲಂದ್ರ ಮುಂದ ಸಕ್ಕರಿ ಕಾಯಿಲೆ, ಬಿ.ಪಿ. ಎಲ್ಲಾ ಜಲ್ದಿ ಬರ್ತಾವ. ನಿಮ್ಮ ಮನ್ಯಾಗ ಊಟದ ಬಗ್ಗೆ ಸ್ವಲ್ಪ ತಿಳಿದವರು ಯಾರರ ಇದ್ದಾರೇನು?"

"ಇದ್ದಾರ ರೀ," ಅಂದೆ. "ಅವರನ್ನ ಕೇಳ್ತೀನಿ."

ಮಗಳು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಭಾರತದ ನಕಾಶೆ ನೋಡಿದೆ.

ಮನೆಗೆ ಬಂದು ವಿಷಯ ಹೇಳಿದಾಗ ನನ್ನ ಅತ್ತೆ ಸಿಡಿದುಬಿದ್ದರು.

"ಯಾವಾಕಿ ಆಕಿ ಡಾಕ್ಟರ? ಕೂಸು ಎರಡು ತುತ್ತು ಉಂಡು ಮೈ ತುಂಬಿಕೊಂಡದ, ಅದು ಆಕಿ ಕಣ್ಣಿಗಿ ಬಿತ್ತು. ತಡಿ, ಮೊದಲ ದೃಷ್ಟಿ ತೆಗೀತೀನಿ."

ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೊಮ್ಮಗಳಿಗೆ ದೃಷ್ಟಿ ತೆಗೆದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೂ ಬಾ, ನಿಂಗೂ ತೆಗೀತೀನಿ" ಅಂದರು. ಮೆಣಸಿನಕಾಯಿಯ ಘಾಟಿಗೆ ಮೂವರೂ ಕೆಮ್ಮಿದೆವು. ಗೃಹವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು ಕಣ್ಣೊರೆಸಿಕೊಳ್ಳುತ್ತ ಅಡುಗೆಗೆ ನಿಂತೆ.

ನಮ್ಮ ಕಾಲೋನಿ ಇರುವುದು ತಾಜಸುಲ್ತಾನಪುರದ ಕಡೆ ಹೋಗುವ ರಸ್ತೆಯಲ್ಲಿ. ಪಕ್ಕದ ಮನೆಯವರು ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು. ಆ ಮನೆಯ ಹೆಂಗಸನ್ನು ಚಿಕ್ಕವರು ದೊಡ್ಡವರೆಲ್ಲ ಆಪಾ ಎಂದೇ ಕರೆಯುತ್ತೇವೆ. ಅವರ ಮಗ ನನ್ನ ಮಗಳ ಶಾಲೆಯಲ್ಲೇ ಓದುತ್ತಾನೆ. ಮರುದಿನ ಬೆಳಿಗ್ಗೆ ಆಪಾ ಕಂಪೌಂಡ್ ಗೋಡೆಯ ಮೇಲಿಂದ ತಲೆ ಹಾಕಿದರು.

"ಮೇಡಂ, ನಮ್ಮ ಹುಡುಗಗ ಭೀ ವಹೀಚ್ ಹೇಳ್ಯಾರ ರೀ. ವಜನ್ ಜಾಸ್ತಿ ಅಂತ. ನಾ ಏನ್ ಮಾಡ್ಲಿ? ಶಾಲಿಯಿಂದ ಬಂದ ಕೂಡ್ಲೇ ಚಿಪ್ಸಿನ ಪಾಕೀಟು ಒಡೀತಾನ, ಫೋನ್ ಹಿಡೀತಾನ. ಹೊರಗ ಹೋಗಿ ಆಡು ಅಂದ್ರ, ಎಲ್ಲಿ ಆಡ್ಲಿ ಅಂತಾನ."

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಕಾಲೋನಿಯ ನಡುವೆ ಪಾರ್ಕಿಗೆಂದು ಬಿಟ್ಟ ಜಾಗವೊಂದಿತ್ತು. ಅದರ ಒಂದು ಮೂಲೆಯಲ್ಲಿ ಯಾರದೋ ಮನೆ ಕಟ್ಟಿ ಉಳಿದ ಶಹಾಬಾದ್ ಕಲ್ಲು, ಇನ್ನೊಂದು ಮೂಲೆಯಲ್ಲಿ ಮರಳು. ನಡುವಿನ ಹಸನಾದ ನೆಲದಲ್ಲಿ, ಎದುರು ಮನೆಯ ನಿವೃತ್ತ ಗುತ್ತಿಗೆದಾರರ ಕಾರುಗಳು. ವಿಚಾರಿಸುತ್ತ ಹೋದರೆ ಇಂಥ ತಾಯಂದಿರು ನಾವಿಬ್ಬರೇ ಅಲ್ಲ, ಮನೆಗೊಬ್ಬರಂತೆ ಸಿಕ್ಕರು.

ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿ ಸಮಿತಿ ಮಾಡಿಕೊಂಡೆವು. ಅಧ್ಯಕ್ಷೆ ಯಾರಾಗಬೇಕು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ನನ್ನ ಕಡೆ ಹೊರಳಿದವು. ನಾನು ಸಂಕೋಚದಿಂದ ಬೇಡ ಬೇಡ ಎನ್ನುತ್ತಿರುವಾಗ ಆಪಾ, "ಅಧ್ಯಕ್ಷರು ಅಂದ್ರ ಜರಾ ತೂಕ ಇದ್ದವರ ಆಗಬೇಕು ರೀ" ಅಂದರು. ಅವರು ಅದನ್ನು ಗೌರವದಿಂದಲೇ ಹೇಳಿದ್ದು. ಆದರೆ ಒಬ್ಬಳು ಕಿಸಕ್ಕೆಂದಳು, ಆಮೇಲೆ ಇನ್ನೊಬ್ಬಳು, ಕೊನೆಗೆ ಆಪಾನೇ ಬಾಯಿಗೆ ಸೆರಗು ಹಿಡಿದುಕೊಂಡರು. ನಾನು ಸರ್ವಾನುಮತದಿಂದ ಆಯ್ಕೆಯಾದೆ.

ಮನೆಗೆ ಬಂದವರನ್ನು ಬರೀ ಚಹಾ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿಲ್ಲ. ಅತ್ತೆ ಒಳಗಿನಿಂದ ಬಿಸಿ ಮಾಲ್ಪುರಿ, ಮಿರ್ಚಿ ಭಜಿ ಕಳಿಸುತ್ತಲೇ ಇದ್ದರು. ಇನ್ನು ಮುಂದೆ ಮಕ್ಕಳಿಗೆ ಕರಿದದ್ದು, ಸಿಹಿಯದ್ದು ಕೊಡಬಾರದೆಂದು ನಾನು ಠರಾವು ಓದುವಾಗ ನನ್ನ ಬೆರಳಿನ ಎಣ್ಣೆ ಹತ್ತಿ ಹಾಳೆ ಪಾರದರ್ಶಕವಾಗಿತ್ತು.

ಠರಾವಿನ ಪ್ರಕಾರ ಮಕ್ಕಳ ಡಬ್ಬಿಯಿಂದ ಚಿಪ್ಸು, ಬಿಸ್ಕೀಟು ಹೋಗಿ ಮೊಳಕೆಕಾಳು, ಸೌತೆಕಾಯಿ ಬಂದವು. ಮಕ್ಕಳು ಅವನ್ನು ಶಾಲೆಯ ಬಸ್ಸಿನಲ್ಲೇ ಕಿಟಕಿಯಿಂದ ಎಸೆದು ಬರುತ್ತಿದ್ದರೆಂದು ಬಹಳ ತಡವಾಗಿ ತಿಳಿಯಿತು. ನಮ್ಮ ಮನೆಯಲ್ಲಂತೂ ಶತ್ರು ಒಳಗೇ ಇದ್ದರು. ಅತ್ತೆ ದೇವರ ಜಗಲಿಯ ಹಿಂದೆ ಡಬ್ಬಿಯೊಂದನ್ನಿಟ್ಟು ಅದರ ತುಂಬ ಶೇಂಗಾದುಂಡಿ ಮಾಡಿಟ್ಟಿದ್ದರು. ಪೂಜೆಗೆ ಹೂ ಏರಿಸುವ ನೆಪದಲ್ಲಿ ಮೊಮ್ಮಗಳು ಅಲ್ಲಿಗೆ ಹೋಗಿ ಬರುತ್ತಿದ್ದಳು. ಆ ವಯಸ್ಸಿಗೇ ಅವಳಿಗೆ ಇಷ್ಟು ಭಕ್ತಿ ಬಂತಲ್ಲ ಎಂದು ನಾನು ಗಂಡನ ಮುಂದೆ ಹೆಮ್ಮೆ ಪಟ್ಟಿದ್ದೆ. ಡಬ್ಬಿ ಕೈಗೆ ಸಿಕ್ಕ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಎಸೆಯಲು ಮನಸ್ಸಾಗಲಿಲ್ಲ, ಬಿಡಲೂ ಬರುವಂತಿರಲಿಲ್ಲ. ಕದ ಮುಂದೆ ಮಾಡಿ ಒಂದೊಂದೇ ತಿಂದು ಮುಗಿಸಿದೆ. ಸಂಜೆ ಅತ್ತೆ ಡಬ್ಬಿ ಅಲ್ಲಾಡಿಸಿ ನೋಡಿ ಮೊಮ್ಮಗಳನ್ನು ಬೈದರು.

ಇಷ್ಟಾದರೂ ಅಧ್ಯಕ್ಷೆಯ ಹುಮ್ಮಸ್ಸು ಇಳಿಯಲಿಲ್ಲ. ಜನರಲ್ಲಿ ಅರಿವು ಮೂಡಿಸಲು ಒಂದು ಜಾಥಾ ಮಾಡೋಣ ಎಂದೆ. ಒಂದು ಬೆಳಿಗ್ಗೆ ಕಾಲೋನಿಯ ಮಕ್ಕಳು, ತಾಯಂದಿರು ಎಲ್ಲ ಸೇರಿ ಶರಣಬಸವೇಶ್ವರ ದೇವಸ್ಥಾನದ ತನಕ ನಡೆದು ಹೋಗುವುದೆಂದು ನಿರ್ಧಾರವಾಯಿತು. ಮಕ್ಕಳು ಕೈಯಾರೆ ಬರೆದ ಫಲಕಗಳಿದ್ದವು. ಎಲ್ಲಕ್ಕಿಂತ ದೊಡ್ಡದನ್ನು ನಾನು ಹಿಡಿದಿದ್ದೆ: 'ನಡೆಯಿರಿ, ಆರೋಗ್ಯ ಪಡೆಯಿರಿ.' ಎಲ್ಲರಿಗಿಂತ ಮುಂದೆಯೂ ನಾನೇ.

ಮೊದಲ ತಿರುವಿನ ತನಕ ಮುಂದಿದ್ದೆ. ಆಮೇಲೆ ಮಕ್ಕಳ ನಡುವೆ ಬಂದೆ. ಆಮೇಲೆ ಅವರ ಅಜ್ಜಿಯರ ಸಾಲಿಗೆ. ಕೊನೆಗೆ ಹೊಸ ಚಪ್ಪಲಿ ಕಚ್ಚಿ, ಏದುಸಿರು ಹತ್ತಿ ಒಂದು ಅಂಗಡಿಯ ಕಟ್ಟೆ ಹಿಡಿದು ನಿಂತೆ. ಜಾಥಾ ಘೋಷಣೆ ಕೂಗುತ್ತ ಕಣ್ಮರೆಯಾಯಿತು. ಆಟೋದವನೊಬ್ಬ ತಾನಾಗಿ ಬಂದು ನಿಲ್ಲಿಸಿದ. ನಾನು ಹತ್ತಿ ಕುಳಿತ ಮೇಲೆ ಫಲಕವನ್ನು ಓದಿ, "ಕಹಾಂ ಜಾನಾ ಮೇಡಂ? ದವಾಖಾನಿಗೇನ್ರೀ?" ಅಂದ.

ಯಾರಿಗೂ ಕಾಣದಂತೆ ಒಳದಾರಿಯಿಂದ ಕರೆದೊಯ್ಯಲು ಹೇಳಿದ್ದೇ ತಪ್ಪಾಯಿತು. ಆಟೋ ಜಾಥಾಕ್ಕಿಂತ ಮೊದಲೇ ದೇವಸ್ಥಾನ ಮುಟ್ಟಿತು. ಅಲ್ಲಿ ಸ್ಥಳೀಯ ಪತ್ರಿಕೆಯ ಹುಡುಗ ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಅವನನ್ನು ನಾನೇ ಕರೆಸಿದ್ದೆ. ಒಂದು ಕಾಲು ಆಟೋದಲ್ಲಿ, ಒಂದು ಕಾಲು ನೆಲದ ಮೇಲೆ, ಎದೆಯ ಮುಂದೆ ಫಲಕ. ಫೋಟೋ ಮರುದಿನ ಸ್ಪಷ್ಟವಾಗಿಯೇ ಬಂದಿತ್ತು. ಗಂಡ ಬೆಳಿಗ್ಗೆ ಪತ್ರಿಕೆ ಹಿಡಿದವರು ಬಹಳ ಹೊತ್ತು ಅದನ್ನು ಮುಖದಿಂದ ಇಳಿಸಲೇ ಇಲ್ಲ. ಹಾಳೆ ಮಾತ್ರ ನಡುಗುತ್ತಿತ್ತು.

ನಾನೂ ಎರಡು ದಿನ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆದರೆ ಮಗಳು ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಸೋಫಾದ ತುದಿಗೆ ಕುಳಿತಳು. ತರಗತಿಯಲ್ಲಿ ಅವಳನ್ನು 'ಆಟೋ' ಎಂದು ಕರೆಯತೊಡಗಿದ್ದರು.

"ಮಮ್ಮಿ, ನಾ ದಪ್ಪ ಇದ್ದೀನಂತ ನಿಂಗ ನಾಚಿಕಿ ಬರ್ತದೇನು?"

"ಹುಚ್ಚಿ, ಯಾಕ ಬರಬೇಕು? ನಾ ನಿನಗಿಂತ ದಪ್ಪ ಇಲ್ಲೇನು?"

"ಹೌದು. ನೀ ನಿಂದು ಬಿಟ್ಟು ನಂದ ಯಾಕ ಎಲ್ಲಾರಿಗೂ ಹೇಳ್ಕೋತ ತಿರುಗ್ತಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ ಲೆಕ್ಕವೊಂದನ್ನು ಕೇಳುವ ಹಾಗೆ ಕೇಳಿದಳು. ಹತ್ತಿರ ಕುಳಿತು ಅವಳ ಚೀಲ ಇಳಿಸಿದೆ. ಮುಂದಿನ ಸಭೆಯಲ್ಲಿ ಫಲಕ, ಭಾಷಣ, ತೂಕದ ಮಾತು ಎಲ್ಲ ಸಾಕು ಎಂದೆ. ಹಾಗಾದರೆ ಏನು ಮಾಡುವುದು ಎಂದು ಆಪಾ ಕೇಳಿದರು. ನನಗೆ ಗೊತ್ತಿರಲಿಲ್ಲ. "ಮಕ್ಕಳನ್ನ ಒಂದು ದಿನ ಸುಮ್ನ ಎಲ್ಲಿಗರ ಕರ್ಕೊಂಡು ಹೋಗೂಣು" ಎಂದಷ್ಟೇ ಹೇಳಿದೆ.

ಎಲ್ಲಿಗರ ಎಂದರೆ ನನಗೆ ಹೊಳೆದದ್ದು ಕಮಲಾಪುರ. ಅದು ನನ್ನ ತವರು. ಅಣ್ಣ ಅಲ್ಲಿ ಕೆಂಬಾಳೆ ಬೆಳೆಯುತ್ತಾನೆ. ಮಿನಿ ಬಸ್ಸು ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ನಾನು ಹೆಂಗಸರ ಮುಂದೆ ನನ್ನ ಬಾಲ್ಯ ಬಿಚ್ಚಿದೆ. ನಾನು ಶಾಲೆಯ ಖೋ-ಖೋ ತಂಡದಲ್ಲಿದ್ದೆ, ನಮ್ಮ ತಂಡ ಆ ಕಡೆಯ ಶಾಲೆಗಳನ್ನೆಲ್ಲ ಸೋಲಿಸಿತ್ತು, ಆಗ ನಾನು ಗಾಳಿಯ ಹಾಗೆ ಓಡುತ್ತಿದ್ದೆ. ಮಕ್ಕಳೂ ಕಿವಿಗೊಟ್ಟು ಕೇಳಿದರು. ಮಗಳು ಕಿಟಕಿಯಿಂದ ತಿರುಗಿ ನನ್ನನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಕಣ್ಣಲ್ಲಿ ನನ್ನ ಬಗ್ಗೆ ಸ್ವಲ್ಪ ಗೌರವ ಕಂಡಿತು.

ಆ ಗೌರವ ಅಣ್ಣನ ಹೆಂಡತಿ, ನನ್ನ ವೈನಿ, ಮಜ್ಜಿಗೆ ತರುವ ತನಕ ಬಾಳಿತು. ವೈನಿಯೂ ಅದೇ ಊರಿನವರು, ನನಗಿಂತ ಎರಡು ತರಗತಿ ಮುಂದೆ ಓದಿದವರು. ಆಪಾ ಅವರಿಗೆ, "ನಮ್ಮ ಮೇಡಂ ಬಡೀ ಖಿಲಾಡಿ ಇದ್ದರಂತಲ್ಲ ರೀ" ಅಂದರು.

"ಯಾರು, ಈಕಿ?" ವೈನಿ ಲೋಟ ಕೆಳಗಿಟ್ಟರು. "ಈಕಿ ತಂಡದಾಗ ಇದ್ದದ್ದು ಖರೇ. ಈಕಿನ್ನ ಯಾವಾಗಲೂ ಸಾಲಿನ ಕಡೀಗಿ ಕೂಡಿಸ್ತಿದ್ದೆವು. ಈಕಿಗಿ ಖೋ ಕೊಟ್ಟರ ಎದ್ದು ಯಾವ ಕಡಿ ಓಡ್ಲಿ ಅಂತ ನಮ್ಮನ್ನೇ ಕೇಳ್ತಿದ್ದಳು. ಅದಕ್ಕ ಯಾರೂ ಕೊಡ್ತಿರಲಿಲ್ಲ."

ಮಿನಿ ಬಸ್ಸಿನ ಡ್ರೈವರನೂ ನಕ್ಕ. ಮಕ್ಕಳು, ಹಾಗಾದರೆ ಈಗ ಆಡಿ ತೋರಿಸಿ ಎಂದು ಗಂಟುಬಿದ್ದರು. ತೋಟದ ಮಗ್ಗುಲಿಗೆ ರಾಶಿ ಮಾಡುವ ಕಣವಿತ್ತು. ಅಣ್ಣ ಎರಡು ಗೂಟ ಹುಗಿದು ಕೊಟ್ಟ. ಮಕ್ಕಳು ಬೆನ್ನಟ್ಟುವವರು, ತಾಯಂದಿರು ಓಡುವವರು. ಆಟದ ನಿಯಮ ಅರ್ಧ ಮಂದಿಗೆ ಮರೆತಿತ್ತು, ಉಳಿದರ್ಧಕ್ಕೆ ಗೊತ್ತೇ ಇರಲಿಲ್ಲ. ವೈನಿ ಕೂಗಿ ಕೂಗಿ ಹೇಳಿಕೊಟ್ಟರು.

ನನ್ನ ಸರದಿ ಬಂತು. ತೆಳ್ಳಗಿನ ಹುಡುಗರು ನನ್ನ ಮೇಲೆ ಜೋರಾಗಿ ನುಗ್ಗಿ ಬರುವರು, ನಾನು ನಿಂತಲ್ಲೇ ಸ್ವಲ್ಪ ಸರಿದರೆ ಅವರು ತಮ್ಮ ವೇಗಕ್ಕೆ ಮುಂದೆ ಹೋಗಿಬಿಡುವರು. ನನಗೆ ಧೈರ್ಯ ಬಂತು, ಒಂದೆರಡು ಸಲ ಸೊಂಟಕ್ಕೆ ಕೈಯಿಟ್ಟು ನಿಂತದ್ದೂ ಉಂಟು. ಆಗ ಯಾರೋ ನನ್ನ ಮಗಳ ಬೆನ್ನು ತಟ್ಟಿ "ಖೋ" ಅಂದರು. ಅವಳು ಓಡಿ ಬರಲಿಲ್ಲ. ನಾನು ಯಾವ ಕಡೆ ವಾಲುತ್ತೇನೆಂದು ನೋಡುತ್ತ, ಸಾವಕಾಶ, ನನ್ನನ್ನು ಕಣದ ಅಂಚಿಗೆ ತಳ್ಳುತ್ತ ಬಂದಳು. ನನ್ನ ಹಿಂದೆ ಬಾಳೆಗೆ ನೀರು ಬಿಡುವ ಕಾಲುವೆ. ನಾನು ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ತಿರುಗಿದೆ. ಅವಳು ಬಲಕ್ಕೇ ನಿಂತಿದ್ದಳು.

"ಔಟ್!"

ಬೆನ್ನ ಮೇಲೆ ಬಿದ್ದ ಏಟಿಗೋ, ಸೀರೆ ಕಾಲಿಗೆ ಸಿಕ್ಕಿದ್ದಕ್ಕೋ, ನಾನು ಕಾಲುವೆಯೊಳಗೆ ಕುಳಿತಿದ್ದೆ. ಸೊಂಟದ ತನಕ ಕೆಸರು. ಮಗಳು ಎರಡೂ ಕೈ ಬಾಯಿಗೆ ಹಿಡಿದು ನಿಂತಳು. ಮೊದಲು ನನಗೇ ನಗು ಬಂತು, ಆಮೇಲೆ ಅವಳಿಗೆ. ಅವಳು ನಗುತ್ತ ನಗುತ್ತ ನೆಲಕ್ಕೆ ಕುಳಿತಳು. ಕೈಕೊಟ್ಟು ಎಬ್ಬಿಸಲು ಬಂದ ಆಪಾ ನನ್ನ ಪಕ್ಕದಲ್ಲಿ ಬಿದ್ದರು. ವೈನಿ ಬಂದು ನಮ್ಮಿಬ್ಬರನ್ನೂ ಎಮ್ಮೆ ಎಬ್ಬಿಸುವ ಹಾಗೆ ಹುಶ್ ಹುಶ್ ಎಂದು ಎಬ್ಬಿಸಿದರು.

ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯೆ, ಹೆಸರುಕಾಳು. ಮನೆಯಲ್ಲಿ ಕಾಳು ಕಂಡರೆ ಮುಖ ತಿರುಗಿಸುತ್ತಿದ್ದ ಮಕ್ಕಳು ತಟ್ಟೆ ಮುಂದೆ ಮಾಡಿ ಮಾಡಿ ಉಂಡರು. ನಾನು ಅದರಲ್ಲಿರುವ ನಾರಿನಂಶದ ಬಗ್ಗೆ ಹೇಳಲು ಬಾಯಿ ತೆರೆದೆ. ಮಗಳು ನೋಡಿದಳು. ಬಾಯಿ ಮುಚ್ಚಿದೆ. ಹೊರಡುವಾಗ ಅಣ್ಣ ಬಸ್ಸಿಗೆ ಕೆಂಬಾಳೆಯ ಗೊನೆ ಏರಿಸಿದ. ದಾರಿಯಲ್ಲಿ ಹಸಿದ ಹುಡುಗರಿಗೆ ಒಂದೊಂದು ಹಣ್ಣೇ ಸಾಕಾಯಿತು. ನಿದ್ದೆಗೆ ಜಾರುವ ಮೊದಲು ಮಗಳು ಕೇಳಿದಳು: "ಮಮ್ಮಿ, ನಾಳೆ ಎಲ್ಲಿ ಆಡೂಣು?"

ಮರುದಿನ ನಾವು ಕೆಲವರು ಗುತ್ತಿಗೆದಾರರ ಮನೆಗೆ ಹೋದೆವು. ಅವರು ಚಹಾ ಕುಡಿಸಿ, ಬಹಳ ಮರ್ಯಾದೆಯಿಂದ ಮಾತಾಡಿದರು.

"ಪಾರ್ಕ್ ಎಲ್ಲಾರದೂ ಅದ ರೀ ತಾಯಿ. ಎಲ್ಲಾರದೂ ಅಂದ ಮ್ಯಾಲ ನನ್ನ ಗಾಡಿದೂ ಆತಲ್ಲ?"

ಚಹಾದ ಲೋಟ ಕೆಳಗಿಟ್ಟು ಎದ್ದು ಬಂದೆವು. ಅವರ ಕಾರುಗಳು ಹೊರಗೆ ಹೋದ ಹೊತ್ತು ನೋಡಿ ಆಡೋಣ ಎಂದುಕೊಂಡೆವು. ಕಲ್ಲು, ಮರಳನ್ನು ಗಂಡಸರು ಒಂದು ಬದಿಗೆ ಸರಿಸಿಕೊಟ್ಟರು. ಮಕ್ಕಳು ಗೆರೆ ಎಳೆದರು. ಸಂಜೆ ಮಕ್ಕಳೂ ತಾಯಂದಿರೂ ಕೂಡಿ ಆಟ ಶುರುವಾಯಿತು. ಸೀರೆಯಿಂದ ಬುದ್ಧಿ ಕಲಿತಿದ್ದ ನಾನು ಚೂಡಿದಾರ ತೊಟ್ಟು ಸಾಲಿನ ನಡುವೆ ಕುಳಿತಿದ್ದೆ.

ಆಟ ಏರುವ ಹೊತ್ತಿಗೆ ಗುತ್ತಿಗೆದಾರರ ಕಾರು ಬಂತು. ಹಾರ್ನ್ ಹೊಡೆದರು. ಮಕ್ಕಳು ಹೆದರಿ ಎದ್ದು ಬದಿಗೆ ಸರಿದರು. ಆಪಾ, "ಐದ ಮಿನಿಟ್ ರೀ ಚಾಚಾ, ಈ ಆಟ ಮುಗೀಲಿ" ಎಂದು ಬೇಡಿಕೊಂಡರು. ಕಾರು ಇನ್ನೂ ಮುಂದೆ ಬಂತು. ಒಬ್ಬೊಬ್ಬರಾಗಿ ತಾಯಂದಿರೂ ಎದ್ದರು. ನಾನೂ ಏಳಲು ನೋಡಿದೆ. ಮೊಣಕಾಲು ಹಿಡಿದುಬಿಟ್ಟಿತ್ತು. ಮಂಡಿ ಮಡಚಿ ಅಷ್ಟು ಹೊತ್ತು ಕುಳಿತು ಯಾವ ಕಾಲವಾಗಿತ್ತೋ! ಕೈ ಊರಿದೆ, ಏಳಲಾಗಲಿಲ್ಲ. ಬಲಕ್ಕೆ ವಾಲಿದೆ, ಆಗಲಿಲ್ಲ. ಕಾರಿನ ದೀಪ ನೇರ ನನ್ನ ಮುಖಕ್ಕೆ ಬೀಳುತ್ತಿತ್ತು. ನೋವಿಗೆ ಹಲ್ಲು ಕಚ್ಚಿ, ಕಣ್ಣು ಕಿರಿದು ಮಾಡಿ ಅದನ್ನೇ ನೋಡುತ್ತ ಕುಳಿತೆ.

ಗುತ್ತಿಗೆದಾರರು ಕೆಳಗಿಳಿದರು. "ಏಳ್ರೀ ಮೇಡಂ," ಅಂದರು.

"ಆಗೂದಿಲ್ಲ ರೀ," ಅಂದೆ. ಅಕ್ಷರಶಃ ನಿಜವನ್ನೇ ಹೇಳಿದ್ದೆ.

ಆಮೇಲೆ ಆಪಾ ಬಂದು ನನ್ನ ಪಕ್ಕದಲ್ಲಿ ಕುಳಿತರು. "ಮೇಡಂ ಏಳಲಿಲ್ಲಂದ್ರ ನಾ ಭೀ ಏಳೂದಿಲ್ಲ." ಅವರ ಹಿಂದೆ ಉಳಿದವರು ಬಂದು ಸಾಲಾಗಿ ಕುಳಿತರು. ಮಕ್ಕಳೂ ಕುಳಿತರು. ಗುತ್ತಿಗೆದಾರರ ಮೊಮ್ಮಗಳೊಬ್ಬಳು ಆ ಸಾಲಿನಲ್ಲೇ ಇದ್ದಳು. "ಅಜ್ಜಾ, ಗಾಡಿ ಮನಿ ಮುಂದ ಹಚ್ಚು. ಈಗ ನಂದೇ ಪಾಳಿ ಅದ" ಎಂದು ಕೂಗಿದಳು.

ಅವರು ಮೊಮ್ಮಗಳನ್ನು ನೋಡಿದರು, ನಮ್ಮನ್ನು ನೋಡಿದರು. ಏನೋ ಗೊಣಗುತ್ತ ಕಾರು ಹಿಂದೆ ತೆಗೆದುಕೊಂಡು ಹೋದರು. ಚಪ್ಪಾಳೆ, ಸಿಳ್ಳೆ. ನನ್ನ ದಿಟ್ಟತನವನ್ನು ಹೊಗಳಿದವರೇ ಹೊಗಳಿದವರು. ಕಾಲೋನಿಯಲ್ಲಿ ಇವತ್ತಿಗೂ ಆ ಸಂಜೆಯ ಮಾತು ಬಂದರೆ, ಮೇಡಂ ಕಾರಿನ ಮುಂದೆ ಬಂಡೆಯ ಹಾಗೆ ಕುಳಿತಿದ್ದರು ಅನ್ನುತ್ತಾರೆ. ಬಂಡೆಯ ಹೋಲಿಕೆಯನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತೇನೆ. ಎಲ್ಲರೂ ಅತ್ತ ಹೋದ ಮೇಲೆ ನನ್ನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿದವಳು ಮಗಳು. ಅವಳು ಯಾರಿಗೂ ಹೇಳಲಿಲ್ಲ.

ಎರಡು ದಿನದ ಮೇಲೆ ಗುತ್ತಿಗೆದಾರರು ತಮ್ಮ ಕಾರುಗಳನ್ನೆಲ್ಲ ಅಲ್ಲಿಂದ ತೆಗೆಸಿದರು. ಆಮೇಲೆ ಕಂಬ ಹುಗಿಸಿ, ದೀಪವನ್ನೂ ಅವರೇ ಹಾಕಿಸಿಕೊಟ್ಟರು. ಈಗ ಆಟ ನೋಡಲು ಎಲ್ಲರಿಗಿಂತ ಮೊದಲು ಕುರ್ಚಿ ತಂದು ಕೂಡುವವರು ಅವರು, ಅವರ ಜೋಡಿ ನನ್ನ ಅತ್ತೆ. ಇಬ್ಬರೂ ಪ್ರತಿ ಔಟಿಗೂ ತಕರಾರು ತೆಗೆಯುತ್ತಾರೆ. ಬೇಸಿಗೆಯಲ್ಲಿ ಬಿಸಿಲು ಪೂರಾ ತಣಿದ ಮೇಲೆಯೇ ಆಟ. ಆಟದ ನಂತರ ತಿನ್ನುವುದನ್ನು ಮನೆಗೊಂದು ದಿನದಂತೆ ಹಂಚಿಕೊಂಡಿದ್ದೇವೆ. ಜೋಳದ ಅರಳು, ಪುಟಾಣಿ ಎನ್ನುವ ಹುರಿಗಡಲೆ, ಹಣ್ಣು. ಪಾಕೀಟು ಪೂರಾ ನಿಂತಿದೆ ಎಂದು ಹೇಳಲಾರೆ. ಮಕ್ಕಳಲ್ಲಿ ಕೆಲವರು ಸಪೂರವಾದರು, ಕೆಲವರು ಎತ್ತರವಾದರು, ಕೆಲವರು ಇದ್ದ ಹಾಗೆಯೇ ಇದ್ದಾರೆ. ಆದರೆ ಮೆಟ್ಟಿಲು ಹತ್ತಿ ಏದುಸಿರು ಬಿಡುವವರು ಈಗ ಅವರಲ್ಲಿ ಯಾರೂ ಇಲ್ಲ. ಅದು ನನ್ನ ಪಾಲಿಗೆ ಉಳಿದಿದೆ.

ಈ ವರ್ಷ ಮಗಳು ಶಾಲೆಯ ಖೋ-ಖೋ ತಂಡಕ್ಕೆ ಹೆಸರು ಕೊಟ್ಟಿದ್ದಳು. ಆಯ್ಕೆಯಾಗಲಿಲ್ಲ. ಹರೆಯದ ಮಕ್ಕಳ ಆತ್ಮವಿಶ್ವಾಸದ ಮೇಲೆ ಕಾಲೇಜಿನಲ್ಲಿ ಮಾಡುವ ಪಾಠವನ್ನೆಲ್ಲ ನೆನಪು ಮಾಡಿಕೊಂಡು ಅವಳ ಮುಂದೆ ಕುಳಿತೆ. ಸೋಲು ಎಂದರೇನು, ದೇಹವನ್ನು ಹೇಗೆ ಪ್ರೀತಿಸಬೇಕು, ಇನ್ನೂ ಏನೇನೋ. ಅವಳು ಬೂಟಿನ ಲೇಸು ಬಿಚ್ಚುತ್ತ ಎಲ್ಲ ಕೇಳಿದಳು.

"ಮುಗೀತೇನು ಮಮ್ಮಿ?"

"ಮುಗೀತು."

"ಅವರು ನನಗಿಂತ ಛಲೋ ಆಡಿದ್ರು. ಮುಂದಿನ ವರ್ಷ ಮತ್ತ ನೋಡ್ತೀನಿ. ಈಗ ಭಾಳ ಹಸಿವ್ಯಾಗ್ಯಾದ."

ಅತ್ತೆ ಒಲೆಯ ಮೇಲಿಂದ ಬಿಸಿ ರೊಟ್ಟಿ ತೆಗೆದು ಅವಳ ತಟ್ಟೆಗೆ ಹಾಕಿದರು, ಒಂದಾದ ಮೇಲೆ ಒಂದು. ಎಷ್ಟು ತಿಂದಳೆಂದು ನಾನು ಎಣಿಸಲಿಲ್ಲ.